ಹಳೆಯ ಅಮೆರಿಕನ್ ತಾಮ್ರದ ನಾಣ್ಯ: ಹರಾಜಿನಲ್ಲಿ ಎಷ್ಟರವರೆಗೆ ಕೂಗಬೇಕು?

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಅಮೆರಿಕದ ಹಳೆಯ ದೊಡ್ಡ ಸೆಂಟ್‌ಗಳನ್ನು ಕೂಡಿಡಲು ಶುರುಮಾಡಿದ್ದೇನೆ. ಹರಾಜಿನ ಕ್ಯಾಟಲಾಗಿನಲ್ಲಿ 1794ರ ಒಂದು ಸೆಂಟ್‌ಗೆ ‘ವಿಎಫ್-30, ಅಂದಾಜು 1,500–2,000 ಡಾಲರ್’ ಎಂದಿದೆ (ವಿಎಫ್ ಎಂದರೆ ‘ವೆರಿ ಫೈನ್’, 30 ಎಂಬುದು ಸ್ಥಿತಿಗೆ 1ರಿಂದ 70ರೊಳಗೆ ಕೊಡುವ ಅಂಕಿ). ಬೆಲೆಪಟ್ಟಿಯಲ್ಲಿ ಬೇರೆ ಅಂಕಿ, ಹಿಂದಿನ ಹರಾಜುಗಳ ದಾಖಲೆಯಲ್ಲಿ ಮತ್ತೂ ಬೇರೆ. ಯಾವುದನ್ನು ನಂಬಲಿ? ಎಷ್ಟರವರೆಗೆ ಹೋಗಬಹುದು?

ಉತ್ತರ: ಮೂರರಲ್ಲಿ ನಂಬಬೇಕಾದದ್ದು ಹಿಂದಿನ ಹರಾಜುಗಳ ದಾಖಲೆಯನ್ನೇ, ಆದರೆ ಅದನ್ನು ಹಾಗೆ ಹಾಗೇ ಓದಿದರೆ ಅದೂ ದಾರಿ ತಪ್ಪಿಸುತ್ತದೆ. ಕ್ಯಾಟಲಾಗಿನ ಅಂದಾಜು ಹರಾಜು ಸಂಸ್ಥೆಯದು. ಜನ ಕೈ ಎತ್ತಲಿ ಎಂದು ಅದನ್ನು ತುಸು ತಗ್ಗಿಸಿಯೇ ಬರೆಯುವುದು ರೂಢಿ. ಬೆಲೆಪಟ್ಟಿ ‘1794’ ಎಂಬ ಇಡೀ ವರ್ಷಕ್ಕೆ ಒಂದು ಸಾಲು ಕೊಡುತ್ತದೆ, ನೀವು ಕೊಳ್ಳುತ್ತಿರುವುದು ವರ್ಷವನ್ನಲ್ಲ.

ಆಗಿನ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಚ್ಚುಗಳನ್ನು ಒಂದೊಂದಾಗಿ ಕೈಯಲ್ಲೇ ಮುಗಿಸುತ್ತಿದ್ದರು. ಒಂದು ಅಚ್ಚು ಬಿರುಕು ಬಿಟ್ಟರೆ ಇನ್ನೊಂದು. ಹೀಗಾಗಿ 1794ರ ಒಂದೇ ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಅಚ್ಚು-ಜೋಡಿಗಳ, ಅಂದರೆ ಮುಮ್ಮುಖದ ಒಂದು ಅಚ್ಚು ಹಿಮ್ಮುಖದ ಒಂದು ಅಚ್ಚು ಸೇರಿದ ಜೋಡಿಗಳ, ಸೆಂಟ್‌ಗಳು ಸಿಗುತ್ತವೆ. 1793ರಿಂದ 1814ರವರೆಗಿನ ಇಂಥ ಜೋಡಿಗಳಿಗೆ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಕೊಟ್ಟ ಸಂಖ್ಯೆಗಳೇ ಇಂದಿಗೂ ಬಳಕೆಯಲ್ಲಿವೆ. ಶೆಲ್ಡನ್-1ರಿಂದ ಶೆಲ್ಡನ್-295ರವರೆಗೆ. 1816ರ ನಂತರದವಕ್ಕೆ ನ್ಯೂಕಂಬ್ ಸಂಖ್ಯೆ, ಅರ್ಧ ಸೆಂಟ್‌ಗೆ ಕೋಹೆನ್ ಸಂಖ್ಯೆ.

ಆದ್ದರಿಂದ ಮೊದಲ ಕೆಲಸ ನಿಮ್ಮ ಲಾಟಿನ, ಅಂದರೆ ಹರಾಜಿಗಿಟ್ಟ ಆ ನಾಣ್ಯದ, ಶೆಲ್ಡನ್ ಸಂಖ್ಯೆ ಹಿಡಿಯುವುದು. ಕ್ಯಾಟಲಾಗಿನಲ್ಲಿ ಬರೆದಿದ್ದರೂ ನೀವೇ ಫೋಟೊ ಹಿಗ್ಗಿಸಿ ನೋಡಿ. ಇಸವಿಯ ಅಂಕಿಗಳ ಅಂತರ, ‘ಲಿಬರ್ಟಿ’ ಅಕ್ಷರಗಳು ತಲೆಗೂದಲಿಗೆ ಎಷ್ಟು ಹತ್ತಿರ, ಹಿಮ್ಮುಖದ ಮಾಲೆಯಲ್ಲಿ ಎಡಕ್ಕೆಷ್ಟು ಬಲಕ್ಕೆಷ್ಟು ಹಣ್ಣು, ಯಾವ ಎಲೆಯ ತುದಿ ಯಾವ ಅಕ್ಷರದ ಕೆಳಗೆ, ಕೆಳಗಿನ 1/100 ಭಿನ್ನರಾಶಿಯ ಗೆರೆ ಎಷ್ಟುದ್ದ, ಇವಿಷ್ಟು ಸಾಕು. ಈ ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅದೇ ವರ್ಷದ ಶೆಲ್ಡನ್-48 ಉದಾಹರಣೆ. ಅದರ ಹಿಮ್ಮುಖದ ಅಂಚಿನ ಹಲ್ಲುಗಳ ನಡುವೆ 94 ಪುಟ್ಟ ನಕ್ಷತ್ರಗಳಿವೆ. ಸವೆದ ನಾಣ್ಯದಲ್ಲಿ ಕೆಲವೇ ಉಳಿದಿರುತ್ತವೆ. ಅಂಥದ್ದೊಂದು, ಎಯು-50 (ಬಹುತೇಕ ಸವೆಯದ) ದರ್ಜೆಯದು, 2008ರ ಫೆಬ್ರವರಿಯಲ್ಲಿ 6,32,500 ಡಾಲರಿಗೆ ಹೋಯಿತು. ಪಕ್ಕದ ಸಾಮಾನ್ಯ ಜೋಡಿಯ ಬೆಲೆ ಇದರ ಹತ್ತಿರಕ್ಕೂ ಬರುವುದಿಲ್ಲ.

ಎರಡನೆಯದು ವಿರಳತೆ. ಅದನ್ನು ‘ಆರ್’ ಅಂಕಿಯಲ್ಲಿ ಹೇಳುತ್ತಾರೆ. ಆರ್-1 ಎಂದರೆ 1,250ಕ್ಕೂ ಹೆಚ್ಚು ಉಳಿದಿವೆ, ಆರ್-4 ಎಂದರೆ 76ರಿಂದ 200, ಆರ್-5 ಎಂದರೆ 31ರಿಂದ 75, ಆರ್-6 ಎಂದರೆ 13ರಿಂದ 30, ಆರ್-7 ಎಂದರೆ 4ರಿಂದ 12, ಆರ್-8 ಎಂದರೆ ಮೂರೋ ಎರಡೋ ಒಂದೋ. ಆರ್-1ರಿಂದ ಆರ್-3ರವರೆಗೆ ಬೆಲೆ ನಡೆಯುವುದು ನಾಣ್ಯದ ಸ್ಥಿತಿಯ ಮೇಲೆ. ಅಂಥದ್ದಕ್ಕೆ ‘ವಿರಳ’ ಎಂದು ಹೆಚ್ಚು ಕೊಡಬೇಡಿ. ಆರ್-5 ದಾಟಿದ ಮೇಲೆ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ಉಳಿದ ನಾಣ್ಯಗಳೆಷ್ಟು ಎನ್ನುವುದಕ್ಕಿಂತ ಶೆಲ್ಡನ್ ಸಂಖ್ಯೆಗಳನ್ನೆಲ್ಲ ಪೂರ್ತಿಮಾಡಲು ಹೊರಟವರಲ್ಲಿ ಅದು ಇಲ್ಲದವರು ಎಷ್ಟು ಎನ್ನುವುದೇ ಮುಖ್ಯ. ಇಬ್ಬರಿಗೆ ಬೇಕಾದಾಗ ಆರ್-7 ಆಕಾಶಕ್ಕೇರುತ್ತದೆ. ಅವರಿಬ್ಬರಿಗೂ ಸಿಕ್ಕಿದ ಮೇಲೆ ಬರುವ ಮೂರನೆಯದನ್ನು ಕೇಳುವವರು ಕಡಿಮೆ. ವಿರಳತೆಯ ಅಂಕಿಯೂ ಸ್ಥಿರವಲ್ಲ. ಒಂದು ಜೋಡಿ ವಿರಳವೆಂದು ಸುದ್ದಿಯಾದರೆ ಎಲ್ಲರೂ ತಮ್ಮ ಡಬ್ಬಿ ತಡಕಾಡುತ್ತಾರೆ, ಇನ್ನೆರಡು ಮೂರು ಹೊರಬರುತ್ತವೆ. ಹಳೆಯ ಕ್ಯಾಟಲಾಗಿನ ಆರ್-7 ಇಂದು ಆರ್-6 ಆಗಿರಬಹುದು.

ಮೂರನೆಯದು ದರ್ಜೆ. ಹೊಸಬರ ದುಡ್ಡು ಹೆಚ್ಚು ಸೋರುವುದು ಇಲ್ಲೇ. ದರ್ಜೆ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ನಾಣ್ಯವನ್ನು ಮುಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿಯ, ಅಂದರೆ ಸ್ಲ್ಯಾಬಿನ, ಮೇಲೆ ಬರೆದ ವಿಎಫ್-30 ಒಂದು. ತಾಮ್ರದವರು, ಅಂದರೆ 1967ರಲ್ಲಿ ಶುರುವಾದ ಅರ್ಲಿ ಅಮೆರಿಕನ್ ಕಾಪರ್ಸ್ ಕ್ಲಬ್ಬಿನ ಬಳಗದವರು, ಹೇಳುವ ವಿಎಫ್-30 ಇನ್ನೊಂದು. ಇವರು ಮೊದಲು ವಿನ್ಯಾಸ ಎಷ್ಟು ಉಳಿದಿದೆ ಎಂದು ನೋಡಿ ಅಂಕಿ ಕೊಡುತ್ತಾರೆ. ಆಮೇಲೆ ಗೀರು, ಅಂಚಿನ ಪೆಟ್ಟು, ಕಿಲುಬು ತಿಂದ ಗುಂಡಿ, ಕಪ್ಪು ಬಣ್ಣ ಇವಕ್ಕೆಲ್ಲ ಕಳೆಯುತ್ತಾರೆ. ಉಳಿದದ್ದು ‘ನೆಟ್’ ದರ್ಜೆ. ಸ್ಲ್ಯಾಬಿನ ವಿಎಫ್-30 ಅವರ ಕೈಯಲ್ಲಿ ವಿಎಫ್-20 ಅಥವಾ ಫೈನ್-15 ಆಗುವುದು ದಿನನಿತ್ಯದ ಮಾತು. ತಾಮ್ರದವರೇ ಬರೆದ ಹಳೆಯ ಹರಾಜಿನ ವಿಎಫ್-20ರ ಬೆಲೆಯನ್ನು ಇಂದಿನ ಸ್ಲ್ಯಾಬಿನ ವಿಎಫ್-20ರ ಪಕ್ಕ ಇಟ್ಟರೆ ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕಕ್ಕೆ ಬರೆದುಕೊಂಡ ಹಾಗೆ.

ಈ 1ರಿಂದ 70ರ ಅಳತೆ ಹುಟ್ಟಿದ್ದೇ ಬೆಲೆ ಹೇಳಲೆಂದು. ಶೆಲ್ಡನ್ ಪ್ರತಿ ಜೋಡಿಗೂ ಒಂದು ತಳಬೆಲೆ ಇಟ್ಟು ಅದನ್ನು ದರ್ಜೆಯಿಂದ ಗುಣಿಸುತ್ತಿದ್ದರು. ತಳಬೆಲೆ 2 ಡಾಲರ್ ಆದರೆ ವಿಎಫ್-20ಕ್ಕೆ 40 ಡಾಲರ್. ಮೇಲ್ದರ್ಜೆಯ ನಾಣ್ಯಗಳ ಬೆಲೆ ಬೇಗನೇ ಆ ಗುಣಾಕಾರವನ್ನು ಮೀರಿ ಓಡಿತು. ಅಂಕಿಗಳು ಮಾತ್ರ ಉಳಿದವು. ಇಂದು 40 ಎಂದರೆ 20ರ ಎರಡರಷ್ಟು ಬೆಲೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಈಗ ದಾಖಲೆ. ಅದೇ ಶೆಲ್ಡನ್ ಸಂಖ್ಯೆಯ ನಾಲ್ಕಾರು ಮಾರಾಟಗಳನ್ನು ಬರೆದುಕೊಳ್ಳಿ: ದಿನಾಂಕ, ದರ್ಜೆ ಕೊಟ್ಟವರು ಯಾರು, ಫೋಟೊದಲ್ಲಿ ಕಂಡ ಊನ, ಬೆಲೆ. ಸಂಸ್ಥೆಗಳು ಪ್ರಕಟಿಸುವ ಬೆಲೆಯಲ್ಲಿ ಸಾಮಾನ್ಯವಾಗಿ ಬೈಯರ್ಸ್ ಪ್ರೀಮಿಯಂ (ಕೂಗಿದ ಬೆಲೆಯ ಮೇಲೆ ಕೊಂಡವರು ಸಂಸ್ಥೆಗೆ ಕೊಡುವ ಶುಲ್ಕ) ಸೇರಿರುತ್ತದೆ, ಆ ಪ್ರೀಮಿಯಂ ವರ್ಷದಿಂದ ವರ್ಷಕ್ಕೆ ಏರಿದೆ. 1793ರ ‘ಚೈನ್’ ಸೆಂಟ್ (ಹಿಮ್ಮುಖದಲ್ಲಿ ಸರಪಳಿಯಿರುವುದು), ಶೆಲ್ಡನ್-4, 2012ರ ಜನವರಿಯಲ್ಲಿ 13,80,000 ಡಾಲರಿಗೆ ಹೋಯಿತೆಂದು ಎಲ್ಲೆಡೆ ಓದುತ್ತೀರಿ. ಅದರಲ್ಲಿ ಶೇ 15 ಪ್ರೀಮಿಯಂ. ಸುತ್ತಿಗೆ ಬಿದ್ದದ್ದು 12,00,000ಕ್ಕೆ. ಈಗ ದೊಡ್ಡ ಸಂಸ್ಥೆಗಳಲ್ಲಿ ಶೇ 20 ಅಥವಾ ಅದಕ್ಕೂ ಮೇಲೆ. ಎಲ್ಲ ದಾಖಲೆಗಳನ್ನೂ ಸುತ್ತಿಗೆ ಬೆಲೆಗೆ ಇಳಿಸಿಕೊಂಡೇ ಹೋಲಿಸಬೇಕು.

ಲೆಕ್ಕಕ್ಕೆಂದು ಹಿಡಿಯೋಣ: ನಿಮ್ಮ ಜೋಡಿಯ ಸ್ಲ್ಯಾಬಿನ ವಿಎಫ್-20 ಶೇ 20 ಪ್ರೀಮಿಯಂ ಸೇರಿ 1,320, ವಿಎಫ್-35 ಅದೇ ಪ್ರೀಮಿಯಂನಲ್ಲಿ 2,760, ಹಳೆಯದೊಂದು ವಿಎಫ್-30 ಶೇ 15 ಸೇರಿ 1,840. ಪ್ರೀಮಿಯಂ ತೆಗೆದರೆ 1,100, 2,300 ಮತ್ತು 1,600. ಊನವಿಲ್ಲದ ವಿಎಫ್-30 ಸುಮಾರು 1,600ರಿಂದ 1,800ರೊಳಗೆ ನಿಲ್ಲಬೇಕು. ಫೋಟೊದಲ್ಲಿ ನಿಮ್ಮದು ಕಪ್ಪಗಿದ್ದು ಅಂಚಿಗೆ ಪೆಟ್ಟು ಬಿದ್ದಿದ್ದರೆ ಅದನ್ನು ವಿಎಫ್-20 ಮತ್ತು 25ರ ನಡುವೆ ಕೂರಿಸಿ: 1,300 ಅಥವಾ ಸ್ವಲ್ಪ ಮೇಲೆ. ಕೈಯಿಂದ ಹೋಗುವ ಒಟ್ಟು ದುಡ್ಡು 1,700 ಮೀರಬಾರದು, ಅಂಚೆಗೆ 50 ಎಂದುಕೊಂಡರೆ, ಉಳಿದ 1,650ನ್ನು 1.2ರಿಂದ ಭಾಗಿಸಿ. 1,375 ಬಂತು. ಕೂಗು ನೂರು ನೂರರಂತೆ ಏರಿದರೆ ನಿಮ್ಮ ಕೊನೆಯ ಕೂಗು 1,300. ಇನ್ನೊಬ್ಬರು ಅಲ್ಲಿ ನಿಂತಾಗ 1,400 ಅನ್ನುತ್ತೀರೋ ಇಲ್ಲವೋ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ರಾಜ್ಯದ ಮಾರಾಟ ತೆರಿಗೆ ಬೀಳುತ್ತದೋ ಎಂದು ಸಂಸ್ಥೆಯನ್ನು ಕೇಳಿಯೇ ಈ ಭಾಗಾಕಾರ ಮಾಡಿ.

ದಾಖಲೆಯಲ್ಲಿ ಒಂದೇ ಒಂದು ಬೆಲೆ ಉಳಿದವಕ್ಕಿಂತ ಬಹಳ ಮೇಲಿದ್ದರೆ ಅದನ್ನು ಪಕ್ಕಕ್ಕಿಡಿ. ಇಬ್ಬರ ಹಟದಲ್ಲಿ ಬಂದ ಬೆಲೆ ಅದು, ಇಲ್ಲವೇ ಹೆಸರಾಂತ ಸಂಗ್ರಹದ ನಾಣ್ಯ. ಅದೇ ನಾಣ್ಯ ಮುಂದೆ ಮತ್ತೆ ಮಾರಾಟವಾಗಿದ್ದರೆ ಆ ಎರಡನೆಯ ಬೆಲೆ ನೋಡಿ, ನಿಜ ಅಲ್ಲಿ ಸಿಗುತ್ತದೆ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜನ ಪೆಟ್ಟಿಗೆಯಿಂದ 1804ರ ಅಮೆರಿಕದ ಒಂದು ಸೆಂಟ್ ಸಿಕ್ಕಿತು. ಕಪ್ಪಗಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದ್ದೇವೆ, ಈಗ ಥಳಥಳ ಅನ್ನುತ್ತಿದೆ. ಇದಕ್ಕೆ ಸಾವಿರಾರು ಡಾಲರ್ ಎಂದು ಓದಿದೆ. ಹರಾಜಿಗೆ ಕಳಿಸಬಹುದೇ?

ಉತ್ತರ: ದೇವರ ಕೋಣೆಯ ತಂಬಿಗೆಗೆ ಸರಿಹೋಗುವ ಹುಣಸೆಹುಳಿ ನಾಣ್ಯದ ಮೇಲ್ಪದರವನ್ನೇ ಕರಗಿಸಿಬಿಡುತ್ತದೆ. ಎರಡು ಶತಮಾನದಲ್ಲಿ ಕೂತ ಕಂದು ಬಣ್ಣ ಮರಳಿ ಬರುವುದಿಲ್ಲ. ಇನ್ನು ಏನೂ ಮಾಡಬೇಡಿ. ‘ಬಣ್ಣ ಕೂರಿಸಿ ಕೊಡುತ್ತೇವೆ’ ಎನ್ನುವವರ ಕೈಗಂತೂ ಕೊಡಲೇಬೇಡಿ. ಗಂಧಕ ಹಚ್ಚಿ ಕಪ್ಪಾಗಿಸಿದ್ದು ನೋಡಿದ ಕೂಡಲೇ ತಿಳಿಯುತ್ತದೆ.

ಬೆಲೆಯ ಮಾತಿಗೆ ಮೊದಲು ಅದು ಅಸಲಿಯೇ ನೋಡಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ: 1795ರ ಕೊನೆಯಿಂದ ಸೆಂಟ್‌ನ ತೂಕ 168 ಗ್ರೇನ್, ಅಂದರೆ 10.89 ಗ್ರಾಂ. ಸವೆದಿದ್ದರೆ ತುಸು ಕಡಿಮೆ ಬರುತ್ತದೆ, ಆದರೆ 8 ಅಥವಾ 12 ಬಂದರೆ ಅನುಮಾನಿಸಿ. ಅಂಚು ಬೋಳಾಗಿರಬೇಕು. ಅಂಚಿನ ಸುತ್ತ ಕೂದಲೆಳೆಯಂಥ ಜೋಡಣೆಯ ಗೆರೆ ಕಂಡರೆ ಅದು ಎರಡು ತೆಳು ತಾಮ್ರದ ಚಿಪ್ಪಿನ ನಡುವೆ ಸೀಸ ತುಂಬಿದ ನಕಲು. ಬೆರಳ ತುದಿಯಲ್ಲಿ ನಿಲ್ಲಿಸಿ ತಟ್ಟಿದರೆ ದನಿ ಮೊಂಡಾಗಿರುತ್ತದೆ.

ಆಮೇಲೆ ಈ ಪರೀಕ್ಷೆ. 1804ರ ಅಸಲಿ ಸೆಂಟ್‌ಗಳೆಲ್ಲ ಒಂದೇ ಅಚ್ಚು-ಜೋಡಿಯವು, ಶೆಲ್ಡನ್-266. ಇಸವಿಯ ಸೊನ್ನೆಯ ಮೇಲೆ ಹೆಬ್ಬೆರಳಿಟ್ಟು ಹಿಂದೆ ತೋರುಬೆರಳಿನಿಂದ ಹಿಡಿಯಿರಿ. ಹಿಮ್ಮುಖದಲ್ಲಿ ‘ಆಫ್’ ಪದದ ಮೊದಲ ಅಕ್ಷರವಾದ ‘ಓ’ ಸರಿಯಾಗಿ ಆ ಸೊನ್ನೆಯ ಬೆನ್ನಿಗೆ ಬರಬೇಕು. ಬರದಿದ್ದರೆ 1801 ಅಥವಾ 1803ರ ಕೊನೆಯ ಅಂಕಿಯನ್ನು ಕೊರೆದು ಮಾಡಿದ್ದಿರಬಹುದು. ಅಚ್ಚು ಮುರಿದ ಮೇಲೆ ಹೊಡೆದ ನಾಣ್ಯಗಳಲ್ಲಿ ಮುಮ್ಮುಖದ ‘ಲಿಬರ್ಟಿ’ಯ ಕೊನೆಯ ಅಕ್ಷರಗಳ ಮೇಲೂ ಹಿಮ್ಮುಖದ ‘ಅಮೆರಿಕ’ದ ನಡು ಅಕ್ಷರಗಳ ಮೇಲೂ ಅಂಚಿಗಂಟಿ ಉಬ್ಬು ಇರುತ್ತದೆ. ಅದಿದ್ದರೆ ಒಳ್ಳೆಯ ಲಕ್ಷಣ. ಇನ್ನೊಂದು ಬಗೆಯೂ ಇದೆ: 1860ರ ಆಸುಪಾಸಿನಲ್ಲಿ ಖಾಸಗಿಯವರು ಟಂಕಸಾಲೆ ಎಸೆದಿದ್ದ ತುಕ್ಕುಹಿಡಿದ ಅಚ್ಚುಗಳಿಂದ ಹೊಡೆದ ‘ರೀಸ್ಟ್ರೈಕ್’. 1803ರ ಮುಮ್ಮುಖವನ್ನು ತಿದ್ದಿ, ಮುಂದಿನ ಕಾಲದ ಹಿಮ್ಮುಖ ಸೇರಿಸಿದ್ದು. ಮೈಯೆಲ್ಲ ತುಕ್ಕಿನ ಸಣ್ಣ ಉಬ್ಬುಗಳು. ಅದನ್ನೂ ಕೊಳ್ಳುವವರಿದ್ದಾರೆ, ಅಸಲಿಯ ಬೆಲೆಗೆ ಮಾತ್ರ ಅಲ್ಲ.

ಅಸಲಿಯೇ ಆದರೂ ಕಳಿಸುವ ಮೊದಲು ಕಾನೂನು ನೋಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳದೆ ಕೊರಿಯರ್ ಅಂಗಡಿಗೆ ಹೋಗಬೇಡಿ.

ಪೆಟ್ಟಿಗೆಯಲ್ಲಿ 1803 ಅಥವಾ 1808ರ ಈಸ್ಟ್ ಇಂಡಿಯಾ ಕಂಪನಿಯ ‘ಎಕ್ಸ್ ಕ್ಯಾಶ್’, ‘ಎಕ್ಸ್‌ಎಕ್ಸ್ ಕ್ಯಾಶ್’ ಇದ್ದರೆ ಅವನ್ನೂ ತಿಕ್ಕದೆ ಇಡಿ. ಮದ್ರಾಸಿಗಾಗಿ ಅವನ್ನು ಹೊಡೆದದ್ದು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆ. ಆ ಕಾಲದಲ್ಲಿ ಫಿಲಡೆಲ್ಫಿಯಾಗೆ ಸೆಂಟ್‌ನ ಬೋಳು ಬಿಲ್ಲೆಗಳನ್ನು ಕಳಿಸುತ್ತಿದ್ದದ್ದೂ ಅಲ್ಲಿಯವರೇ.

ಪ್ರಶ್ನೆ: ಸ್ಲ್ಯಾಬಿನ ಮೇಲೆ ‘ವಿಎಫ್ ಡೀಟೇಲ್ಸ್, ಕೊರೋಷನ್’ (ವಿನ್ಯಾಸ ವಿಎಫ್‌ನಷ್ಟು ಉಳಿದಿದೆ, ಆದರೆ ಕಿಲುಬು ತಿಂದಿದೆ) ಎಂದಿದ್ದರೆ ಬೆಲೆಯಲ್ಲಿ ಶೇಕಡಾ ಎಷ್ಟು ಕಳೆಯಬೇಕು?

ಉತ್ತರ: ಶೇಕಡಾವಾರು ಲೆಕ್ಕ ಇಲ್ಲಿ ನಡೆಯುವುದಿಲ್ಲ, ಯಾವ ನಾಣ್ಯ ಎನ್ನುವುದರ ಮೇಲಿದೆ. 1793ರ ಚೈನ್ ಸೆಂಟ್ ಒಟ್ಟು ಹೊಡೆದದ್ದೇ 36,103. 1799ರದ್ದು ಸಿಗುವುದೇ ಬಹುಪಾಲು ಕಪ್ಪಾಗಿ, ಗುಂಡಿಬಿದ್ದು. ಇಂಥವಕ್ಕೆ ಊನವನ್ನು ಜನ ಸಹಿಸುತ್ತಾರೆ. ಒಂದೆರಡು ಮೆಟ್ಟಿಲು ಕೆಳಗಿನ ದರ್ಜೆಯ, ಫೈನ್-12ರ ಆಸುಪಾಸಿನ, ಬೆಲೆ ಹಿಡಿಯಿರಿ. ಅದೇ ಕಿಲುಬು 1850ರ ದಶಕದ ಸೆಂಟ್ ಮೇಲಿದ್ದರೆ ಮುಟ್ಟಬೇಡಿ, ಊನವಿಲ್ಲದ್ದು ಕಡಿಮೆ ದುಡ್ಡಿಗೆ ಸಿಗುತ್ತದೆ. 1799 ಎಂದು ಬಂದದ್ದರಲ್ಲಿ ಕೊನೆಯ 9ನ್ನು ಭೂತಗನ್ನಡಿಯಲ್ಲಿ ನೋಡದೆ ಕೂಗಬೇಡಿ: 1798ರ 8 ಅಥವಾ 1796ರ 6ನ್ನು ತಿದ್ದಿದವು ಬೇಕಾದಷ್ಟಿವೆ. 1815ರ ಸೆಂಟ್ ಯಾರಾದರೂ ತೋರಿಸಿದರೆ ಅಲ್ಲಿಗೇ ಬಿಡಿ, ಆ ಇಸವಿಯ ಸೆಂಟ್ ಇಲ್ಲವೇ ಇಲ್ಲ.

ಪ್ರಶ್ನೆ: 1820ರ ಸೆಂಟ್ ಕೆಂಪು ಮಿಂಚಿನೊಂದಿಗೆ ಹೊಸದರಂತಿದೆ. ಎರಡು ಶತಮಾನದ ನಾಣ್ಯಕ್ಕೆ ಇಷ್ಟು ಕಡಿಮೆ ಬೆಲೆಯೇಕೆ? ನಕಲಿಯೇ?

ಉತ್ತರ: ಬಹುಶಃ ಅಸಲಿಯೇ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಜಾರ್ಜಿಯಾದಲ್ಲಿ ಒಂದು ಪೀಪಾಯಿ ತುಂಬ 1816ರಿಂದ 1820ರವರೆಗಿನ ಬಳಸದ ಸೆಂಟ್‌ಗಳು ಸಿಕ್ಕವು. ರ‍್ಯಾಂಡಲ್ ನಿಧಿ ಎಂದು ಅದಕ್ಕೆ ಹೆಸರು. ಅದರಲ್ಲಿ 1818ರ ನ್ಯೂಕಂಬ್-10 ಮತ್ತು 1820ರ ನ್ಯೂಕಂಬ್-13 ಹೇರಳ. ನಿಮ್ಮದು ನ್ಯೂಕಂಬ್-13 ಆಗಿದ್ದರೆ ಆ ನಿಧಿಯ ನಾಣ್ಯಗಳ ಬೆಲೆಯನ್ನೇ ಹೋಲಿಸಿ. ಅದೇ ವರ್ಷದ ಬೇರೆ ಜೋಡಿ, ಅದೇ ಹೊಳಪಿನದು, ಇದಕ್ಕಿಂತ ಬಹಳ ಹೆಚ್ಚಿಗೆ ಹೋಗಬಹುದು. ಕೆಂಪು ಬಣ್ಣಕ್ಕೆ ಹೆಚ್ಚು ಕೊಡುವ ಮುನ್ನ ಸ್ಲ್ಯಾಬಿನಲ್ಲಿ ‘ಆರ್‌ಬಿ’ ಇದೆಯೋ ‘ಆರ್‌ಡಿ’ ಇದೆಯೋ ನೋಡಿ, ಮೊದಲನೆಯದು ಅರ್ಧ ಕೆಂಪು ಅರ್ಧ ಕಂದು, ಎರಡನೆಯದು ಬಹುಪಾಲು ಕೆಂಪು. ಕೊಂಡ ಮೇಲೆ ಒಣ ಜಾಗದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಳೆಗಾಲದ ತೇವ ಸೇರಿದರೆ ಆ ಕೆಂಪಿನ ಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಚುಕ್ಕೆ ಎದ್ದದ್ದನ್ನು ಮಾರುವಾಗ ಈ ಹೋಲಿಕೆಯ ಪಟ್ಟಿಯನ್ನು ಮತ್ತೆ ಮೊದಲಿಂದ ಬರೆಯಬೇಕಾಗುತ್ತದೆ.