ಓದುಗರ ಪ್ರಶ್ನೆ: ಉಳಿದದ್ದನ್ನು ಉಣ್ಣುವ ತಾಯಿಗೆ ಬೊಜ್ಜು ಹೇಗೆ?

ಪ್ರಶ್ನೆ: ನಾವು ಮೂಲತಃ ಶಿರಾ ಕಡೆಯವರು, ಈಗ ಪೀಣ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವರು ಅವರು. ಆದರೂ ತೂಕ ಏರುತ್ತಲೇ ಇದೆ. ಜೊತೆಗೆ ರಕ್ತ ಕಡಿಮೆಯಿದೆ ಎಂದು ವೈದ್ಯರು ಹೇಳಿದ್ದಾರೆ. ‘ಬಾಯಿ ಕಟ್ಟಬೇಕು’ ಎಂದು ನೆಂಟರು ಹಂಗಿಸುತ್ತಾರೆ. ಸಂಬಳ ತಿಂಗಳ ಕೊನೆಯವರೆಗೆ ಸಾಲದ ಮನೆಯಲ್ಲಿ ಬೊಜ್ಜು ಬರುವುದಾದರೂ ಹೇಗೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೆಂಟರ ಮಾತನ್ನು ಮೊದಲು ಪಕ್ಕಕ್ಕಿಡಿ. ಅನ್ನ ಮತ್ತು ಎಣ್ಣೆಯಿಂದ ಬೇಕಾದಷ್ಟು ಕ್ಯಾಲೊರಿ ಸಿಕ್ಕಿ, ಕಬ್ಬಿಣಾಂಶ ಹಾಗೂ ಪ್ರೋಟೀನ್ ಸಿಗದೆ ಹೋದಾಗ ಬೊಜ್ಜು ಮತ್ತು ರಕ್ತಹೀನತೆ ಒಂದೇ ದೇಹದಲ್ಲಿ ಕಾಣಿಸಿಕೊಳ್ಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಸುಮಾರು ಶೇ. 30ರಷ್ಟು ಮಂದಿಗೆ ತೂಕ ಮಿತಿಮೀರಿತ್ತು. 2015–16ರಲ್ಲಿ ಇದು ಶೇ. 23ರಷ್ಟಿತ್ತು. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಹಿಳೆಯರಿಗೆ ರಕ್ತಹೀನತೆಯೂ ಇತ್ತು. ಬೊಜ್ಜು ಸಿರಿವಂತರಲ್ಲೇ ಹೆಚ್ಚು ಎಂಬುದು ನಮ್ಮ ದೇಶದ ಮಟ್ಟಿಗೆ ಇನ್ನೂ ನಿಜವಾದರೂ, ಅದು ಅವರಿಗಷ್ಟೇ ಸೀಮಿತವಾಗಿ ಉಳಿದಿಲ್ಲ.

ನಿಮ್ಮ ಅಡುಗೆಮನೆಯನ್ನೇ ನೋಡಿ. ಅಕ್ಕಿ ಪಡಿತರದಲ್ಲಿ ಸಿಗುತ್ತದೆ. ಸೊಪ್ಪು, ಕಾಳು, ಮೊಟ್ಟೆ, ಹಣ್ಣುಗಳನ್ನು ದುಡ್ಡು ಕೊಟ್ಟೇ ತರಬೇಕು. ಕೈ ಬಿಗಿಯಾದಾಗ ಮೊದಲು ಕಡಿತವಾಗುವುದು ಇವೇ. ಆಗ ತಟ್ಟೆಯಲ್ಲಿ ಅನ್ನ ಹೆಚ್ಚುತ್ತದೆ, ಸಾರು ನೀರಾಗುತ್ತದೆ, ರುಚಿಗೆಂದು ಒಗ್ಗರಣೆಯ ಎಣ್ಣೆ ಏರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ಕೆಲಸ ಬಿಟ್ಟು ಬರುವ ದಾರಿಯಲ್ಲಿ ಗಾಡಿಯ ಬೋಂಡ, ಚಹಾದ ಜೊತೆ ಬಿಸ್ಕತ್ತು ಕಡಿಮೆ ದುಡ್ಡಿಗೆ ಹಸಿವು ತಣಿಸುತ್ತವೆ, ನಿಜ. ಆದರೆ ಅವುಗಳಲ್ಲಿ ಇರುವುದು ಬಹುತೇಕ ಮೈದಾ, ಹಿಟ್ಟು, ಸಕ್ಕರೆ, ಎಣ್ಣೆಗಳೇ. ಇಡೀ ದಿನ ಯಂತ್ರದ ಮುಂದೆ ಕುಳಿತು ದುಡಿಯುವ ಮೈ ಸುಸ್ತಾಗುತ್ತದೆಯೇ ಹೊರತು ಅಷ್ಟು ಕ್ಯಾಲೊರಿಯನ್ನು ಕರಗಿಸುವುದಿಲ್ಲ.

ಇದಕ್ಕೆ ನಮ್ಮ ರೂಢಿಗಳೂ ಸೇರಿಕೊಳ್ಳುತ್ತವೆ. ನಿಮ್ಮ ಸೀಮೆಯಲ್ಲಿ ದಿನದ ಊಟ ರಾಗಿಮುದ್ದೆಯಾಗಿತ್ತು. ಅನ್ನ ಹಬ್ಬಕ್ಕೆ, ನೆಂಟರಿಗೆ. ಹಾಗಾಗಿ ದಿನವೂ ಅನ್ನ ಉಣ್ಣುವುದು ಏಳಿಗೆಯ ಗುರುತಾಯಿತು. ಬೆಳಿಗ್ಗೆ ಪಾಳಿಗೆ ಓಡುವವರಿಗೆ ಮುದ್ದೆ ತಿರುವುವುದಕ್ಕಿಂತ ಕುಕ್ಕರ್ ಇಡುವುದೇ ಸಲೀಸು. ಅನ್ನ ಚೆಲ್ಲಬಾರದು ಎಂಬ ಮಾತು ಒಳ್ಳೆಯದೇ, ಆದರೆ ಆ ಹೊಣೆಯನ್ನು ತಾಯಿಯೊಬ್ಬಳೇ ಹೊರುವುದರಿಂದ ಕೊನೆಗೆ ಕುಳಿತವರಿಗೆ ಪಲ್ಯ, ಕಾಳು ತೀರಿ, ಹಸಿವಿಲ್ಲದಿದ್ದರೂ ಮುಗಿಸಬೇಕಾದ ಅನ್ನ ಮಾತ್ರ ಉಳಿದಿರುತ್ತದೆ. ಇದನ್ನು ತ್ಯಾಗವೆಂದು ಹೊಗಳುವುದು ನನಗೆ ಸರಿಕಾಣುವುದಿಲ್ಲ.

ಹುಟ್ಟಿಗೂ ಮುಂಚಿನ ಬಡತನದ ಪಾತ್ರವೂ ಇದೆ. ಹುಟ್ಟುವಾಗ ತೂಕ ಕಡಿಮೆಯಿದ್ದರೂ ಭಾರತೀಯ ಶಿಶುಗಳ ಮೈಯಲ್ಲಿ ಸ್ನಾಯುವಿಗೆ ಹೋಲಿಸಿದರೆ ಕೊಬ್ಬು ಹೆಚ್ಚಿರುತ್ತದೆ ಎಂದು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ತೋರಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೂ ಇಂಥದೇ ಪ್ರಶ್ನೆಗಳನ್ನು ಬೆನ್ನುಹತ್ತಿತು. ಗರ್ಭದಲ್ಲಿ ಕೊರತೆ ಕಂಡ ದೇಹಕ್ಕೆ ಮುಂದೆ ಕ್ಯಾಲೊರಿ ಹೆಚ್ಚಾದರೆ ಹೊಟ್ಟೆಯ ಸುತ್ತ ಕೊಬ್ಬು, ಸಕ್ಕರೆ ಕಾಯಿಲೆ ಬೇಗ ಬರುವ ಸಾಧ್ಯತೆಯಿದೆ.

ಆದ್ದರಿಂದ ಉಪವಾಸ ಮಾಡಿಸಬೇಡಿ. ರಕ್ತಹೀನತೆ ಇನ್ನಷ್ಟು ಹೆಚ್ಚೀತು. ಅಮ್ಮ ನಿಮ್ಮೆಲ್ಲರ ಜೊತೆಗೇ ಕುಳಿತು ಉಣ್ಣಲಿ. ಅನ್ನವನ್ನು ಸ್ವಲ್ಪ ಇಳಿಸಿ, ಹುರುಳಿ ಅಥವಾ ಅಲಸಂದೆ ಕಾಳಿನ ಗಟ್ಟಿ ಸಾರು ಬಡಿಸಿ, ಮೇಲೆ ನಿಂಬೆಹಣ್ಣು ಹಿಂಡಿ. ಹುಳಿಯಿಂದ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗುವುದು ಬೇಡ. ಪಡಿತರದಲ್ಲಿ ರಾಗಿ ಸಿಕ್ಕಾಗ ಮಾರಬೇಡಿ, ರಾತ್ರಿಯ ಮುದ್ದೆ ತಿರುವುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ ಸಕ್ಕರೆ, ರಕ್ತದೊತ್ತಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಈ ತಿಂಗಳೇ ಮಾಡಿಸಿ.