ಮೆರೊವೆ ಲೇಖನ: ಈಗಲೇ ಹಾಕಲ್ಲ, ಆದರೆ ಕೈಬಿಡಬೇಡಿ

ನಮಸ್ಕಾರ. ಇಂದಿನ ಸುಡಾನಿನ ಮೆರೊವೆ ಮೊದಲಾದ ಕಡೆ ಇರುವ, ಹಳೆಯ ನೂಬಿಯಾದ ರಾಜರ ಪಿರಮಿಡ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸೋಕೆ ಆಗಲ್ಲ. ಯಾಕೆ ಅಂತ ನೇರವಾಗಿಯೇ ಹೇಳಿಬಿಡುತ್ತೇನೆ.

ಮೊದಲ ಮೂರು ಪ್ಯಾರಾದಲ್ಲಿ 'ನಿಗೂಢ', 'ಅದ್ಭುತ', 'ಕಾಲಗರ್ಭ' ಬಿಟ್ಟರೆ ಏನೂ ಸಿಗಲಿಲ್ಲ. ಸುಡಾನ್ ಅನ್ನೋ ಹೆಸರೇ ಎರಡನೇ ಪುಟದಲ್ಲಿ ಬರುತ್ತದೆ! ಅಲ್ಲಿವರೆಗೆ ಯಾರು ಕಾಯುತ್ತಾರೆ, ಹೇಳಿ?

ಆಮೇಲೆ, 'ಈಜಿಪ್ಟಿನ ಪುಟ್ಟ ನಕಲು' ಅಂತ ಬರೆದಿದ್ದೀರಿ. ಸುಮ್ನೆ ಬರೆದ ಮಾತು ಅನ್ನಿಸಿತು. ಈಜಿಪ್ಟಿನ ರಾಜರು ತಮಗೆ ಪಿರಮಿಡ್ ಕಟ್ಟಿಸೋದನ್ನು ಬಿಟ್ಟು ಸುಮಾರು 800 ವರ್ಷ ಆದ ಮೇಲೆ ನೂಬಿಯಾದ ಕುಶ್ ರಾಜ್ಯದ ದೊರೆ ಪಿಯೆ ಎಲ್-ಕುರು ಅನ್ನೋ ಜಾಗದಲ್ಲಿ ಕಟ್ಟಿಸಿದ, ಅದೂ ಈಜಿಪ್ಟನ್ನೇ ಗೆದ್ದವನು. ರಾಜನನ್ನು ಪಿರಮಿಡ್ಡಿನ ಒಳಗೆ ಮಲಗಿಸುತ್ತಿದ್ದರು ಅನ್ನೋದೂ ತಪ್ಪು. ಸಮಾಧಿ ಇರೋದು ಕೆಳಗೆ, ಬಂಡೆ ಕೊರೆದು ಮಾಡಿದ ಕೋಣೆಯಲ್ಲಿ. ಪೂರ್ವದ ಕಡೆಯಿಂದ ಮೆಟ್ಟಿಲು ಇಳಿಯುತ್ತದೆ. ಮೇಲಿನ ಪಿರಮಿಡ್ಡಿಗೆ ಒತ್ತಿಕೊಂಡ ಹಾಗೆ ಅದೇ ಪೂರ್ವದಲ್ಲಿ ಪೂಜೆಗೆ ಒಂದು ಚಿಕ್ಕ ಗುಡಿ.

ಆಕಾರ ನೋಡಿ. ಗೀಜಾದ ದೊಡ್ಡ ಪಿರಮಿಡ್ಡಿನ ಇಳಿಜಾರು ಸುಮಾರು 52 ಡಿಗ್ರಿ, ಮೆರೊವೆಯಲ್ಲಿ 70ರ ಆಸುಪಾಸು. ನಡುವೆ ಮರದ ಕಂಬ ನೆಟ್ಟು, ಏತ ಕಟ್ಟಿ ಕಲ್ಲು ಎತ್ತುತ್ತಿದ್ದರು ಅಂತ ಜರ್ಮನಿಯ ವಾಸ್ತುಶಿಲ್ಪಿ ಫ್ರೀಡ್ರಿಕ್ ಹಿಂಕೆಲ್ ವಾದಿಸಿದ್ದರು. ಏತದ ತೋಳು ಎಟುಕುವಷ್ಟೇ ಬುಡ ಅಗಲ ಇಡಬಹುದು, ಅದಕ್ಕೇ ಅಷ್ಟು ಕಡಿದು. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗೇ ಇಲ್ಲ, ಏತ ಅಂದ ತಕ್ಷಣ ಹಳ್ಳಿಯ ಬಾವಿ ಕಣ್ಣಮುಂದೆ ಬರುತ್ತದೆ. ನಿಮ್ಮ ಲೇಖನದಲ್ಲಿ ಮಾತ್ರ ಅದರ ಸುದ್ದಿಯೇ ಇಲ್ಲ.

ಇನ್ನು ಫೆರ್ಲಿನಿ. 1834ರಲ್ಲಿ ಈ ಇಟಲಿಯ ವೈದ್ಯ ಚಿನ್ನದ ಆಸೆಗೆ ಮೆರೊವೆಯಲ್ಲಿದ್ದ ರಾಣಿ ಅಮಾನಿಶಖೆಟೊ ಪಿರಮಿಡ್ಡನ್ನು ತುದಿಯಿಂದಲೇ ಕೆಡವಿಸಿದ. ಒಡವೆ ಸಿಕ್ಕವು ಕೂಡ. ಯುರೋಪಿಗೆ ತಂದರೆ, ಆಫ್ರಿಕಾದ ಒಳನಾಡಲ್ಲಿ ಇಂಥ ಕೆಲಸ ಇರೋಕೆ ಸಾಧ್ಯವೇ ಅಂತ ಎಷ್ಟೋ ಜನ ಅವನ್ನು ನಂಬಲೇ ಇಲ್ಲ. ಈಗ ಬರ್ಲಿನ್ ಮತ್ತು ಮ್ಯೂನಿಕ್ ಮ್ಯೂಸಿಯಂಗಳಲ್ಲಿವೆ. ಇಷ್ಟೆಲ್ಲ ಇದ್ದೂ ನೀವು ಕೊನೆಯ ಪ್ಯಾರಾದಲ್ಲಿ 'ಕಳ್ಳರ ಹಾವಳಿಯೂ ಇತ್ತು' ಅಂತ ಮುಗಿಸಿದ್ದೀರಲ್ಲ! ಅಲ್ಲಿಂದಲೇ ಶುರು ಮಾಡಿ. ಪಿರಮಿಡ್ಡಿನ ತಲೆ ಯಾಕೆ ಹಾರಿಹೋಗಿದೆ ಅಂತ ತಿಳಿದ ಮೇಲೆ ಓದುಗರು ರಾಣಿ ಯಾರು ಅಂತ ತಾವಾಗೇ ಕೇಳುತ್ತಾರೆ.

800 ಪದ ದಾಟಿಸಬೇಡಿ. ನೂರಿ ಅನ್ನೋ ಜಾಗದಲ್ಲಿ ಕುಶ್ ದೊರೆ ತಹರ್ಕನ ಸಮಾಧಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಕಲ್ಲಿನ ಗೊಂಬೆಗಳ ಬಗ್ಗೆ ಬರೆದ ಪ್ಯಾರಾ ಮಾತ್ರ ಹಾಗೇ ಇರಲಿ, ಒಂದಕ್ಷರ ಮುಟ್ಟಬೇಡಿ.