ಎಲ್‌ಒಆರ್ (ಶಿಫಾರಸು ಪತ್ರ) ಕೊಡ್ತೀನಿ ಅಂದಿದ್ದ ಗೈಡ್ ಫೋನ್ ಎತ್ತುತ್ತಿಲ್ಲ, ಡೆಡ್‌ಲೈನ್‌ಗೆ 9 ದಿನ ಉಳಿದಿದೆ. ಏನು ಮಾಡಲಿ?

ನೀವು ಬರೆದಿರೋದು ಇಷ್ಟು: ಹಾಸನದಲ್ಲಿ ಬಿಇ ಮುಗಿಸಿ ಈಗ ಚಿಕ್ಕಮಗಳೂರಿನ ಮನೆಯಲ್ಲಿದ್ದೀರಿ. ಅಮೆರಿಕದ 6 ಯೂನಿವರ್ಸಿಟಿಗಳಿಗೆ ಎಂಎಸ್ ಅರ್ಜಿ ಹಾಕುತ್ತಿದ್ದೀರಿ, ಮೊದಲ ಡೆಡ್‌ಲೈನ್ ಡಿಸೆಂಬರ್ 15. ಬೇಕಾದ 3 ಶಿಫಾರಸು ಪತ್ರಗಳಲ್ಲಿ 2 ಬಂದಿವೆ. ಮೂರನೆಯದನ್ನು ಕೊಡಬೇಕಾದ ಪ್ರಾಜೆಕ್ಟ್ ಗೈಡ್ ಆಗಸ್ಟ್‌ನಲ್ಲೇ ಒಪ್ಪಿಕೊಂಡಿದ್ದರು, ಈಗ ಫೋನ್ ಎತ್ತುತ್ತಿಲ್ಲ, ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿದ್ದರೂ ಉತ್ತರ ಇಲ್ಲ. ಪ್ರಿನ್ಸಿಪಾಲರಿಗೆ ದೂರು ಕೊಡಲಾ, ಇಲ್ಲಾ ನಾನೇ ಬರೆದು ಹಾಕಿಬಿಡಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಶಿಫಾರಸು ಪತ್ರ ಕೊಡಲೇಬೇಕು ಅಂತ ಮೇಷ್ಟ್ರನ್ನು ಕಟ್ಟಿಹಾಕೋ ಹಕ್ಕು ವಿದ್ಯಾರ್ಥಿಗೆ ಇಲ್ಲ. ಪ್ರಿನ್ಸಿಪಾಲರು ಕರೆದು ಹೇಳಿದ ಮೇಲೆ ಬರೋ ಪತ್ರ ನಾಲ್ಕು ಸಾಲಿನದ್ದಾಗಿರುತ್ತೆ, ಆ ನಾಲ್ಕು ಸಾಲು ನಿಮ್ಮನ್ನು ಮುಳುಗಿಸೋಕೆ ಸಾಕು. ನೀವೇ ಬರೆದು ಹಾಕೋ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ನೋಡಬೇಕಾದ್ದು ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನೋದನ್ನ. ಬಹಳ ಸಲ ಮೇಷ್ಟ್ರ ಮೇಲೆ ಸಿಟ್ಟಾಗಿರ್ತೀವಿ, ನೋಡಿದರೆ ಪತ್ರ ಏರಿಸೋ ಲಿಂಕೇ ಅವರಿಗೆ ಹೋಗಿರಲ್ಲ. ಕೆಲವು ಪೋರ್ಟಲ್‌ಗಳು ಶಿಫಾರಸುದಾರರ ಹೆಸರು, ಇಮೇಲ್ ಸೇವ್ ಮಾಡಿದ ಕೂಡಲೇ ಅವರಿಗೆ ಲಿಂಕ್ ಕಳಿಸುತ್ತವೆ. ಇನ್ನು ಕೆಲವು ನೀವು ಫೀ ಕಟ್ಟಿ ಅರ್ಜಿ ಸಬ್‌ಮಿಟ್ ಮಾಡಿದ ಮೇಲಷ್ಟೇ ಕಳಿಸೋದು. ಎರಡನೇ ಜಾತಿಯ ಪೋರ್ಟಲ್ ಆಗಿದ್ದು ನೀವು 'ಪತ್ರ ಬರಲಿ, ಆಮೇಲೆ ಸಬ್‌ಮಿಟ್ ಮಾಡೋಣ' ಅಂತ ಕೂತಿದ್ದರೆ, ಅವರು ನಿಮಗೆ ಕಾಯ್ತಿರ್ತಾರೆ, ನೀವು ಅವರಿಗೆ. ಆರೂ ಪೋರ್ಟಲ್ ತೆಗೆದು ಅವರ ಹೆಸರಿನ ಮುಂದೆ ಏನು ತೋರಿಸುತ್ತೆ ನೋಡಿ. ಇಮೇಲ್‌ನ ಸ್ಪೆಲ್ಲಿಂಗ್ ಅಕ್ಷರ ಅಕ್ಷರ ಓದಿ.

ಇಮೇಲ್ ಅಂದ ಮೇಲೆ ಇನ್ನೊಂದು. ಅಮೆರಿಕದವರು ಕಾಲೇಜಿನ ಡೊಮೈನ್ ಇರೋ ಅಧಿಕೃತ ಐಡಿ ಕೇಳ್ತಾರೆ. ನಮ್ಮ ಕಡೆ ಎಷ್ಟೋ ಮೇಷ್ಟ್ರು ದಿನಾ ನೋಡೋದು ಜಿಮೇಲ್. ಕಾಲೇಜಿನ ಐಡಿಯ ಪಾಸ್‌ವರ್ಡ್ ಮರೆತಿರುತ್ತೆ, ಇಲ್ಲಾ ಮೇಲ್‌ಬಾಕ್ಸ್ ತುಂಬಿ ಮೇಲ್ ವಾಪಸ್ ಹೋಗ್ತಿರುತ್ತೆ. ಲಿಂಕ್ ಬರೋದು 'ನೋ ರಿಪ್ಲೈ' ವಿಳಾಸದಿಂದ, ಇಂಗ್ಲಿಷ್‌ನಲ್ಲಿ ಉದ್ದುದ್ದ ಇರುತ್ತೆ, ಹಾಗಾಗಿ ಸ್ಪ್ಯಾಮ್‌ಗೆ ಬಿದ್ದಿರೋ ಸಾಧ್ಯತೆ ತುಂಬಾ. ನೀವು ಒತ್ತೋ ರಿಮೈಂಡರ್ ಬಟನ್ ಕೂಡ ಅದೇ ವಿಳಾಸದಿಂದ ಅದೇ ಗುಂಡಿಗೆ ಹೋಗಿ ಬೀಳುತ್ತೆ. ಆದ್ದರಿಂದ ದಿನಾ ಅದನ್ನು ಒತ್ತಿ ಪ್ರಯೋಜನ ಇಲ್ಲ.

ಹಾಗಂತ ದುಡುಕಿ ಅವರ ಹೆಸರು ತೆಗೆದು ಹೊಸದಾಗಿ ಸೇರಿಸಬೇಡಿ. ಸ್ಲೇಟ್ ಅನ್ನೋ ಸಾಫ್ಟ್‌ವೇರ್ ಬಳಸೋ ಯೂನಿವರ್ಸಿಟಿಗಳು ಬಹಳ. ಅದರಲ್ಲಿ ಹಳೇ ಶಿಫಾರಸುದಾರರನ್ನು ಕೈಬಿಟ್ಟು ಬೇರೆ ಐಡಿ ಕೊಡೋ ದಾರಿ ಇದೆ. ಆದರೆ ಹಳೇ ಲಿಂಕ್ ಅಲ್ಲಿಗೆ ಮುಗೀತು. ಅವರು ಅರ್ಧ ತುಂಬಿಟ್ಟಿದ್ದರೆ ಅದೂ ಹೋಯ್ತು. ಮೊದಲು ಕೇಳಿ, ಆಮೇಲೆ ಬದಲಿಸಿ.

ಇನ್ನು ಮೇಷ್ಟ್ರ ಕಡೆಯಿಂದ ನೋಡಿ. ಡಿಸೆಂಬರ್ ಅವರಿಗೆ ವರ್ಷದ ಕೆಟ್ಟ ತಿಂಗಳು. ಇಂಟರ್ನಲ್ಸ್ ಅಂಕ ಹಾಕಬೇಕು, ಲ್ಯಾಬ್ ಪರೀಕ್ಷೆ, ಸೆಮಿಸ್ಟರ್ ಪರೀಕ್ಷೆ ಡ್ಯೂಟಿ, ಅದರ ಹಿಂದೆಯೇ ವ್ಯಾಲ್ಯುಯೇಷನ್. ಕಾಲೇಜಿನ ಗುಣಮಟ್ಟ ನೋಡೋ ನ್ಯಾಕ್ ಅಥವಾ ಎನ್‌ಬಿಎ ತಂಡ ಬರೋದಿದ್ದರೆ ಮುಗೀತು, ಫೈಲು ಬಿಟ್ಟು ತಲೆ ಎತ್ತೋ ಹಾಗಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ತೋಟ ಇರೋರಾದರೆ ಇದು ಕಾಫಿ ಹಣ್ಣು ಕೊಯ್ಯೋ ಕಾಲ. ಶನಿವಾರ ಭಾನುವಾರ ಸಿಗ್ನಲ್ಲೇ ಸಿಗದ ಜಾಗದಲ್ಲಿರ್ತಾರೆ. ನಿಮ್ಮೊಬ್ಬರದ್ದೇ 6 ಫಾರಂ, ನಿಮ್ಮ ಹಾಗೆ ಕೇಳಿದವರು ಇನ್ನೂ 4 ಜನ ಇದ್ದರೆ 30 ಆಯ್ತು. ಒಂದೊಂದು ಪೋರ್ಟಲ್‌ನಲ್ಲೂ ಹೆಸರು, ಹುದ್ದೆ, ಫೋನ್ ನಂಬರ್, ಎಷ್ಟು ದಿನದಿಂದ ಯಾವ ನೆಲೆಯಲ್ಲಿ ಪರಿಚಯ ಅಂತ ತುಂಬಬೇಕು. ಆಮೇಲೆ ಈ ಹುಡುಗ ಮೇಲಿನ 5 ಶೇಕಡಾದಲ್ಲೋ 10ರಲ್ಲೋ 25ರಲ್ಲೋ ಅನ್ನೋ ಚೌಕಗಳಿಗೆ ಟಿಕ್ ಹಾಕಿ, ಪಿಡಿಎಫ್ ಏರಿಸಿ, ಕೊನೆಯಲ್ಲಿ ಸಬ್‌ಮಿಟ್ ಒತ್ತಬೇಕು. ಪಿಡಿಎಫ್ ಏರಿಸಿ ಸಬ್‌ಮಿಟ್ ಒತ್ತದೆ ಎದ್ದುಹೋಗೋರು ಬಹಳ. ಅವರ ಲೆಕ್ಕದಲ್ಲಿ ಕೊಟ್ಟಾಯ್ತು, ನಿಮ್ಮ ಪೋರ್ಟಲ್‌ನಲ್ಲಿ ಇನ್ನೂ ಬಾಕಿ.

ಇದರ ಜೊತೆಗೆ ಒಂದು ಕಾರಣ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ: ಬರೆಯೋಕೆ ಅವರಿಗೆ ಇಷ್ಟ ಇಲ್ಲ, ಅಥವಾ ನಿಮ್ಮ ಬಗ್ಗೆ ಏನು ಬರೀಬೇಕು ಅಂತ ಗೊತ್ತಿಲ್ಲ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋದು ನಮ್ಮ ಕಡೆ ಕಷ್ಟ, ಅದಕ್ಕೇ ಫೋನ್ ಎತ್ತಲ್ಲ. ಅವರಿಗೆ ಮರ್ಯಾದೆಯಿಂದ ಹೊರಬರೋ ಬಾಗಿಲು ನೀವೇ ತೆರೆದುಕೊಡಬೇಕು.

ಇವತ್ತು ಸಂಜೆ ಒಂದೇ ಒಂದು ಮೆಸೇಜ್ ಹಾಕಿ, ಈ ಧಾಟಿಯಲ್ಲಿ: 'ನಮಸ್ಕಾರ ಸರ್. ಕೊನೇ ವರ್ಷ ನಿಮ್ಮ ಹತ್ತಿರ ಪ್ರಾಜೆಕ್ಟ್ ಮಾಡಿದ (ಹೆಸರು, ಬ್ರಾಂಚ್, ಪ್ರಾಜೆಕ್ಟ್ ಶೀರ್ಷಿಕೆ). ಮೊದಲ ಎಲ್‌ಒಆರ್‌ಗೆ 13ನೇ ತಾರೀಖು ಕೊನೆ. ಲಿಂಕ್ ನಿಮ್ಮ ಕಾಲೇಜ್ ಐಡಿಗೆ ಬಂದಿದೆ, ಸ್ಪ್ಯಾಮ್‌ನಲ್ಲಿ ಇರಬಹುದು. ಬೇಕಾದ ವಿವರ ಎಲ್ಲ 2 ಪುಟದಲ್ಲಿ ಲಗತ್ತಿಸಿದ್ದೀನಿ. ನಾಳಿದ್ದು ಮಧ್ಯಾಹ್ನ ಡಿಪಾರ್ಟ್‌ಮೆಂಟ್‌ಗೆ ಬರ್ತೀನಿ, 20 ನಿಮಿಷ ಸಾಕು. ಈ ತಿಂಗಳು ನಿಮಗೆ ಪುರುಸೊತ್ತು ಇಲ್ಲ ಅಂದ್ರೆ ದಯವಿಟ್ಟು ಹೇಳಿ ಸರ್, ಬೇರೆಯವರನ್ನು ಕೇಳ್ತೀನಿ, ಖಂಡಿತ ಬೇಜಾರಿಲ್ಲ.' ಕೊನೆಯ ವಾಕ್ಯ ಬಿಡಬೇಡಿ. ಎಷ್ಟೋ ಜನ ಆ ವಾಕ್ಯಕ್ಕೇ ಉತ್ತರ ಕೊಡ್ತಾರೆ, ಮತ್ತು ಸ್ಪಷ್ಟವಾದ 'ಆಗಲ್ಲ' ನಿಮಗೆ ಈಗ ಮೌನಕ್ಕಿಂತ ನೂರು ಪಾಲು ಮೇಲು.

ನಾಳಿದ್ದು ಬಸ್ ಹತ್ತಿ. ಬೇಲೂರು ಮೇಲೆ ಹಾಸನ ಸುಮಾರು 60 ಕಿ.ಮೀ., ಬೆಳಿಗ್ಗೆ ಹೊರಟರೆ ಸಂಜೆಗೆ ಮನೆಗೆ ಬರಬಹುದು. ಪರೀಕ್ಷೆ ಡ್ಯೂಟಿ ಇರೋರು ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಬರ್ತಾರೆ. ಹೊರಡೋ ಮುಂಚೆ ಲ್ಯಾಬ್ ಇನ್‌ಸ್ಟ್ರಕ್ಟರ್‌ಗೋ ಅಟೆಂಡರ್‌ಗೋ ಫೋನ್ ಮಾಡಿ ಸರ್ ಇವತ್ತು ಬಂದಿದ್ದಾರಾ ಕೇಳಿಕೊಳ್ಳಿ. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ಜೊತೆಗಿರಲಿ. ಅವರು ತಮ್ಮ ಮೇಲ್ ತೆರೆದು ಲಿಂಕ್ ಹುಡುಕೋ ತನಕ ಸಹಾಯ ಮಾಡಿ, ಫಾರಂ ತೆರೆದ ಮೇಲೆ ಎದ್ದು ಕಾರಿಡಾರ್‌ಗೆ ಹೋಗಿಬಿಡಿ. ಅವರು ಏನು ಟಿಕ್ ಹಾಕ್ತಾರೆ ಅಂತ ಇಣುಕಬೇಡಿ. ಅರ್ಜಿಯಲ್ಲಿ ಪತ್ರ ನೋಡೋ ಹಕ್ಕು ಬಿಟ್ಟುಕೊಡ್ತೀರಾ ಅನ್ನೋ ಪ್ರಶ್ನೆ ಇರುತ್ತೆ (ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಇರೋ ಅಮೆರಿಕದ 1974ರ ಫೆರ್ಪಾ ಕಾಯ್ದೆಯಿಂದ ಬಂದದ್ದು). ಬಿಟ್ಟುಕೊಡ್ತೀನಿ ಅಂತಲೇ ಒತ್ತಿ. ಇಲ್ಲಾಂದ್ರೆ ಓದೋರು ಆ ಪತ್ರವನ್ನು ಅಷ್ಟು ನಂಬಲ್ಲ.

ಆ 2 ಪುಟದ ವಿವರದಲ್ಲಿ ಹೊಗಳಿಕೆ ಬೇಡ. ಅವರ ಹತ್ತಿರ ಯಾವ ಸೆಮಿಸ್ಟರ್‌ನಲ್ಲಿ ಯಾವ ಸಬ್ಜೆಕ್ಟ್ ಓದಿದಿರಿ, ಎಷ್ಟು ಅಂಕ, ಪ್ರಾಜೆಕ್ಟ್‌ನಲ್ಲಿ ನಾಲ್ವರಿದ್ದರೆ ನೀವು ಮಾಡಿದ ಭಾಗ ಯಾವುದು, ಅದು ಕೆಲಸ ಮಾಡದಿದ್ದಾಗ ಹೇಗೆ ಸರಿಮಾಡಿದಿರಿ, ಅವರೇ ಕಣ್ಣಾರೆ ನೋಡಿದ 2-3 ಸಂದರ್ಭ. 'ಶ್ರದ್ಧಾವಂತ ವಿದ್ಯಾರ್ಥಿ' ಅನ್ನೋ ಸಾಲು ಎಲ್ಲರ ಪತ್ರದಲ್ಲೂ ಇರುತ್ತೆ. 'ಸೆನ್ಸರ್ ರೀಡಿಂಗ್ ಮೇಲೆ ಕೆಳಗೆ ಆಗ್ತಿದ್ದಾಗ ಬೋರ್ಡ್‌ನ ಗ್ರೌಂಡಿಂಗ್ ತಪ್ಪಿದೆ ಅಂತ ಇವನೇ ಕಂಡುಹಿಡಿದ' ಅನ್ನೋದು ನಿಮ್ಮದರಲ್ಲಿ ಮಾತ್ರ ಇರೋಕೆ ಸಾಧ್ಯ. ಕೆಳಗೆ ಆರು ಯೂನಿವರ್ಸಿಟಿಗಳ ಹೆಸರು, ಕೋರ್ಸು, ಕೊನೆಯ ದಿನ ತಾರೀಖಿನ ಕ್ರಮದಲ್ಲಿ ಹಾಕಿ. ಹಿಂದಿನ ಹುಡುಗನ ಪತ್ರ ತಿದ್ದುವಾಗ ಟೆಕ್ಸಸ್ ಅಂತ ಇದ್ದದ್ದು ಹಾಗೇ ಉಳಿದು ಒಹಾಯೊಗೆ ಹೋಗೋದು ಈ ಪಟ್ಟಿ ಇಲ್ಲದಿದ್ದಾಗಲೇ.

'ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ' ಅಂದರೆ? ಅನ್ನೋರು ಬಹಳ ಇದ್ದಾರೆ. ಈ ವಿವರದ ಹಾಳೆಯನ್ನೇ ಮುಂದಿಟ್ಟು, ನಿಮ್ಮ ಮಾತಲ್ಲಿ ಎರಡು ಪ್ಯಾರಾ ಆದರೂ ಸಾಕು ಸರ್ ಅನ್ನಿ. ಮೂರೂ ಪತ್ರ ಒಬ್ಬನೇ ಬರೆದರೆ ಅದೇ ಫಾಂಟು, ಅದೇ ವಿಶೇಷಣ, ಅದೇ ಪ್ಯಾರಾ ಅಳತೆ. ವರ್ಷಕ್ಕೆ ನೂರಾರು ಅರ್ಜಿ ಓದೋರಿಗೆ ಅದು ಕಾಣದೆ ಇರಲ್ಲ. ಇನ್ನು ಅವರ ಹೆಸರಲ್ಲಿ ಜಿಮೇಲ್ ಮಾಡಿ ನೀವೇ ಅಪ್‌ಲೋಡ್ ಮಾಡೋದು ನೇರ ಮೋಸ. ಕನ್ಸಲ್ಟೆನ್ಸಿಯವರು 'ಎಲ್ಲರೂ ಮಾಡ್ತಾರೆ' ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ. ಪತ್ರ ಯಾವ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಬಂತು ಅನ್ನೋದನ್ನು ಪೋರ್ಟಲ್ ದಾಖಲಿಸಬಹುದು, ಗೊತ್ತಾದರೆ ಸೇರಿದ ಮೇಲೂ ಅಡ್ಮಿಷನ್ ರದ್ದು ಮಾಡಬಹುದು. ಆಗ ವೀಸಾನೂ ಕೈಬಿಡುತ್ತೆ.

ಇಷ್ಟರ ಜೊತೆಜೊತೆಗೇ, ಅಂದರೆ ಇವತ್ತೇ, ಬದಲಿ ಒಬ್ಬರನ್ನು ಕೇಳಿ. ಗೈಡ್ ಕೈಕೊಟ್ಟ ಮೇಲೆ ಹುಡುಕೋದಲ್ಲ. ಹಲವು ಪೋರ್ಟಲ್‌ಗಳಲ್ಲಿ 3 ಕಡ್ಡಾಯ, 4ನೆಯದಕ್ಕೂ ಜಾಗ ಇರುತ್ತೆ. ಇಬ್ಬರೂ ಕೊಟ್ಟರೆ ನಷ್ಟ ಏನೂ ಇಲ್ಲ. ಯಾರನ್ನು ಕೇಳೋದು ಅನ್ನೋದರಲ್ಲೇ ನಮ್ಮವರು ಎಡವೋದು: ಪ್ರಿನ್ಸಿಪಾಲ್, ಎಚ್‌ಒಡಿ ಅಂತ ದೊಡ್ಡ ಮೊಹರಿನ ಹಿಂದೆ ಓಡ್ತಾರೆ. ನಿಮ್ಮ ಮುಖವೇ ನೆನಪಿಲ್ಲದ ಪ್ರಿನ್ಸಿಪಾಲರ ಪತ್ರಕ್ಕಿಂತ, ಎರಡು ಸೆಮಿಸ್ಟರ್ ಲ್ಯಾಬ್ ಮಾಡಿಸಿದ ಅಸಿಸ್ಟೆಂಟ್ ಪ್ರೊಫೆಸರ್ ಬರೆದದ್ದಕ್ಕೆ ತೂಕ ಜಾಸ್ತಿ. ಎಂಎಸ್‌ಗೆ ಮೂರರಲ್ಲಿ ಒಂದು ಇಂಟರ್ನ್‌ಶಿಪ್ ಮಾಡಿಸಿದವರದ್ದೋ ಕಂಪನಿ ಮ್ಯಾನೇಜರ್‌ದೋ ಆದರೆ ಸಾಮಾನ್ಯವಾಗಿ ನಡೆಯುತ್ತೆ. ಪಿಎಚ್‌ಡಿಗೆ ಹಾಕೋರಾದರೆ ನಿಮ್ಮ ಸಂಶೋಧನೆಯ ಕೆಲಸ ನೋಡಿದ ಮೇಷ್ಟ್ರೇ ಬೇಕು.

ಪತ್ರಕ್ಕೆ ಕಾಯ್ತಾ ಅರ್ಜಿಯನ್ನು ಮಾತ್ರ ನಿಲ್ಲಿಸಬೇಡಿ. ಹೆಚ್ಚಿನ ಗ್ರಾಜುಯೇಟ್ ಪೋರ್ಟಲ್‌ಗಳು ಪತ್ರ ಬಾಕಿ ಇದ್ದರೂ ಸಬ್‌ಮಿಟ್ ಮಾಡೋಕೆ ಬಿಡುತ್ತವೆ, ಡೆಡ್‌ಲೈನ್ ಆದಮೇಲೂ ಕೆಲವು ದಿನ ಪತ್ರ ತಗೊಳ್ಳೋ ಡಿಪಾರ್ಟ್‌ಮೆಂಟ್‌ಗಳು ಎಷ್ಟೋ ಇವೆ. ಆದರೆ ಅರ್ಜಿ ತಡವಾದರೆ ಮುಗೀತು. 'ಎಲ್ಲವೂ ಅದೇ ದಿನದೊಳಗೆ' ಅನ್ನೋ ಕಟ್ಟುನಿಟ್ಟಿನವರೂ ಇದ್ದಾರೆ, ಡಿಪಾರ್ಟ್‌ಮೆಂಟಿನ ಎಫ್‌ಎಕ್ಯೂ ಪುಟ ಓದಿ. ಗೊತ್ತಾಗದಿದ್ದರೆ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಮೂರು ಸಾಲಿನ ಮೇಲ್: ಅರ್ಜಿ ಸಂಖ್ಯೆ, 3ರಲ್ಲಿ 2 ಪತ್ರ ಬಂದಿವೆ, ಮೂರನೆಯದು ಒಂದು ವಾರ ತಡವಾದರೆ ಪರಿಗಣಿಸ್ತೀರಾ, ಶಿಫಾರಸುದಾರರನ್ನು ಬದಲಿಸಬಹುದಾ. ಮೇಷ್ಟ್ರನ್ನು ಅದರಲ್ಲಿ ಬೈಯಬೇಡಿ, ಗೋಳೂ ಬೇಡ. ಸಮಯದ ಲೆಕ್ಕ: ಡಿಸೆಂಬರ್ 15ರ ರಾತ್ರಿ 11:59 ಅಂತಿದ್ದು ಅದು ಈಸ್ಟರ್ನ್ ಟೈಮ್ ಆದರೆ ನಮಗೆ 16ರ ಬೆಳಿಗ್ಗೆ 10:29, ಪೆಸಿಫಿಕ್ ಆದರೆ ಮಧ್ಯಾಹ್ನ 1:29. ಇದು ನಿಮಗೆ ಗೊತ್ತಿದ್ದರೆ ಸಾಕು, ಮೇಷ್ಟ್ರಿಗೆ 13 ಅಂತಲೇ ಹೇಳಿ.

ಕಾಲೇಜಿಗೆ ಹೋದಾಗಲೇ ಲೆಟರ್‌ಹೆಡ್ ಮೇಲೆ ಸೈನು, ಸೀಲು ಇರೋ ಒಂದು ಪ್ರತಿ ಕೊಡ್ತಾರಾ ಕೇಳಿ ನೋಡಿ. ಅಮೆರಿಕದ ಈ ಪೋರ್ಟಲ್‌ಗಳಿಗೆ ಅದು ಉಪಯೋಗಕ್ಕೆ ಬರಲ್ಲ, ಆದರೆ ಜರ್ಮನಿಗೋ ಇಂಗ್ಲೆಂಡಿಗೋ ಹಾಕೋ ಯೋಚನೆ ಇದ್ದರೆ ಅಲ್ಲಿ ಹಲವು ಕಡೆ ಅರ್ಜಿದಾರರೇ ಸ್ಕ್ಯಾನ್ ಏರಿಸಬಹುದು. ಜರ್ಮನಿಯ ಎಷ್ಟೋ ಸರ್ಕಾರಿ ಯೂನಿವರ್ಸಿಟಿಗಳು ಪತ್ರವನ್ನೇ ಕೇಳಲ್ಲ, ಅಲ್ಲಿ ತಲೆನೋವು ನಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟಿನದ್ದು.

ಕೊಟ್ಟೆ ಅಂತ ಮೇಷ್ಟ್ರು ಹೇಳಿದ ಮೇಲೆ ಆರೂ ಪೋರ್ಟಲ್ ತೆಗೆದು 'ರಿಸೀವ್ಡ್' ಅಂತ ಬಂದಿದೆಯಾ ನೋಡಿ. ಒಂದರಲ್ಲಿ ಬಾಕಿ ಅಂತಿದ್ದರೆ ಅದೇ ಸಂಜೆ, ಯಾವ ಯೂನಿವರ್ಸಿಟಿ ಅಂತ ಹೆಸರು ಹಿಡಿದು, ಸಬ್‌ಮಿಟ್ ಬಟನ್ ಒಂದು ಉಳಿದಿರಬಹುದು ಸರ್ ಅಂತ ಮೆಸೇಜ್ ಮಾಡಿ.